ಕಟ್ಟಡದ ಮಣ್ಣಿಗೆ ಕಟ್ಟಳೆ

ಮನೆ ಕಟ್ಟಲು ಹೊರಟವರು ಮೊದಲು ಮಾಡುವ ಕೆಲಸ ನೆಲವನ್ನು ಅಗೆಯುವುದು. ಪಾಯದಿಂದ ತೆಗೆದ ಮಣ್ಣು ಬೀದಿಯ ಅಂಚಿನಲ್ಲಿ ರಾಶಿಯಾಗಿ ಬೀಳುತ್ತದೆ. ಸಂಜೆ ಒಂದು ಮಳೆ ಬಂದಿತೆಂದರೆ ಆ ರಾಶಿಯ ಮೈಮೇಲೆ ಬೆರಳಗಲದ ಕೊರಕಲುಗಳು ಮೂಡುತ್ತವೆ. ಬೀದಿಯುದ್ದಕ್ಕೂ ಕೆಂಪು ನೀರು ಹರಿದುಹೋಗುತ್ತದೆ. ಮರುದಿನ ಬೆಳಗ್ಗೆ ರಸ್ತೆ ಒಣಗಿರುತ್ತದೆ. ರಾಶಿಯೂ ಹೆಚ್ಚುಕಡಮೆ ಇದ್ದಂತೆಯೇ ಕಾಣುತ್ತದೆ. ಹೋದದ್ದು ಎಷ್ಟು, ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆಯೇನೋ ಹೌದು. ಒಂದು ಎಕರೆ ನೆಲದಿಂದ ಒಂದು ಸೆಂಟಿಮೀಟರ್ ದಪ್ಪದ ಮಣ್ಣು ಕೊಚ್ಚಿಹೋದರೆ ಅದರ ಗಾತ್ರ ಸುಮಾರು ೪೦ ಘನಮೀಟರ್. ಅದು ತಗ್ಗಿನ ಕೆರೆಯನ್ನು ಸೇರಿ ತಳದಲ್ಲಿ ನಿಂತರೆ, ಸುಮಾರು ೪೦,೦೦೦ ಲೀಟರ್ ನೀರು ನಿಲ್ಲಬೇಕಾಗಿದ್ದ ಸ್ಥಳ ಶಾಶ್ವತವಾಗಿ ಹೂಳಿನ ಪಾಲಾಯಿತು. ಕಟ್ಟಡದ ನೆಲದಿಂದ ಮಣ್ಣು ಕೊಚ್ಚಿಹೋಗುವ ಪ್ರಮಾಣ ಸಾಮಾನ್ಯವಾಗಿ ಸಾಗುವಳಿಯ ನೆಲಕ್ಕಿಂತ ೧೦ರಿಂದ ೨೦ ಪಟ್ಟು, ಕಾಡಿನ ನೆಲಕ್ಕಿಂತ ೧,೦೦೦ದಿಂದ ೨,೦೦೦ ಪಟ್ಟು ಹೆಚ್ಚೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಪ್ರಕಟಣೆಗಳಲ್ಲಿ ಹೇಳಿದೆ. ಕಟ್ಟಡದ ಕೆಲಸ ಒಂದೆರಡು ವರ್ಷಗಳಲ್ಲಿ ಮುಗಿಯುವುದು ನಿಜ. ಆದರೆ ಆ ಒಂದೆರಡು ವರ್ಷಗಳಲ್ಲಿ ಹೊಳೆಗೆ ಹೋದ ಮಣ್ಣು ಹಿಂದಿರುಗುವುದಿಲ್ಲ.

ಈ ಕಾರಣದಿಂದ ಹಲವು ದೇಶಗಳ ನಗರಗಳು ಕಟ್ಟಡದ ನೆಲದ ಮಣ್ಣನ್ನು ಹಿಡಿದಿಡಲು ಕಟ್ಟಳೆಗಳನ್ನು ಮಾಡಿಕೊಂಡಿವೆ. ವಿಚಿತ್ರವೆಂದರೆ, ಒಂದೇ ನದಿಯ ಎರಡು ದಡಗಳಲ್ಲಿರುವ ನೆರೆಯ ಊರುಗಳಲ್ಲಿಯೂ ಈ ಕಟ್ಟಳೆಗಳು ಒಂದೇ ಆಗಿಲ್ಲ. ಮಣ್ಣಿನ ಕಣಕ್ಕಾದರೋ ಊರಿನ ಗಡಿ ತಿಳಿಯದು. ಅದು ಪಾಲಿಸುವುದು ಭೌತನಿಯಮಗಳನ್ನು ಮಾತ್ರ. ಹಾಗಿದ್ದರೆ ಯಾವ ಊರಿನ ಕಟ್ಟಳೆ ಕಣದ ಸ್ವಭಾವಕ್ಕೆ ಹೆಚ್ಚು ಹೊಂದುತ್ತದೆ? ಅಮೆರಿಕದ ಪೋರ್ಟ್‌ಲ್ಯಾಂಡ್ ಮತ್ತು ವ್ಯಾಂಕೂವರ್ ನಗರಗಳನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ. ಅದಕ್ಕೆ ಮೊದಲು ಕಣದ ಸ್ವಭಾವವನ್ನು ತಿಳಿಯುವುದು ಅವಶ್ಯ.

ಮಳೆಹನಿಯ ಪೆಟ್ಟು

ನೀರು ಹರಿಯುವುದರಿಂದ ಮಣ್ಣು ಸವೆಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಕೆಲಸ ಮೊದಲಾಗುವುದು ಹರಿವಿಗಿಂತ ಮುಂಚೆ, ಹನಿ ನೆಲಕ್ಕೆ ಬಡಿದ ಕ್ಷಣದಲ್ಲಿ. ಗಾಳಿಯ ತಡೆಯ ದೆಸೆಯಿಂದ ಬೀಳುವ ಹನಿ ಒಂದು ಅಂತಿಮ ವೇಗವನ್ನು ಮುಟ್ಟಿ ಅದೇ ವೇಗದಲ್ಲಿ ಇಳಿಯುತ್ತದೆ. ಒಂದು ಮಿಲಿಮೀಟರ್ ವ್ಯಾಸದ ತುಂತುರು ಹನಿಯ ಅಂತಿಮ ವೇಗ ಸೆಕೆಂಡಿಗೆ ಸುಮಾರು ೪ ಮೀಟರ್. ಐದು ಮಿಲಿಮೀಟರ್ ವ್ಯಾಸದ ದಪ್ಪ ಹನಿಯದು ಸುಮಾರು ೯ ಮೀಟರ್. ದಪ್ಪ ಹನಿಯ ದ್ರವ್ಯರಾಶಿ ಸಣ್ಣದರ ೧೨೫ ಪಟ್ಟು. ವೇಗದ ವರ್ಗ ಸುಮಾರು ೫ ಪಟ್ಟು. ಆದಕಾರಣ ಅದರ ಚಲನಶಕ್ತಿ ೬೦೦ ಪಟ್ಟಿಗೂ ಹೆಚ್ಚು. ಅಷ್ಟೇ ನೀರು ಸಣ್ಣ ಹನಿಗಳಾಗಿ ಬಿದ್ದರೂ ದಪ್ಪ ಹನಿಗಳಾಗಿ ಬಿದ್ದರೂ ಮಳೆಮಾಪಕ ಒಂದೇ ಅಂಕಿಯನ್ನು ತೋರಿಸುತ್ತದೆ. ನೆಲದ ಮೇಲೆ ಬೀಳುವ ಪೆಟ್ಟು ಮಾತ್ರ ಐದು ಪಟ್ಟು ಬೇರೆ.

ಹುಲ್ಲು, ತರಗೆಲೆ ಅಥವಾ ಒಂದು ಪದರ ಒಣಹುಲ್ಲು ನೆಲದ ಮೇಲಿದ್ದರೆ ಹನಿಯ ಶಕ್ತಿ ಅಲ್ಲಿಯೇ ಮುಗಿಯುತ್ತದೆ. ಹೊದಿಕೆಯಿಲ್ಲದ ನೆಲದಲ್ಲಿ ಅದು ಮಣ್ಣಿನ ಹೆಂಟೆಗಳನ್ನು ಒಡೆದು ಕಣಗಳನ್ನು ಬೇರ್ಪಡಿಸುತ್ತದೆ. ಬೇರ್ಪಟ್ಟ ಕಣವನ್ನು ಹೊತ್ತೊಯ್ಯುವುದು ಹರಿವ ನೀರಿಗೆ ಕಷ್ಟದ ಕೆಲಸವಲ್ಲ.

ಕಣ ತಳ ಸೇರುವ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಆವರಣದಲ್ಲಿ ಹೊಸ ಕಟ್ಟಡವೊಂದಕ್ಕೆ ಪಾಯ ತೋಡುತ್ತಿದ್ದರು. ಮೊದಲ ಮಳೆಯ ದಿನ ಪ್ರಯೋಗಶಾಲೆಯ ಬಾಗಿಲ ಮುಂದೆಯೇ ಕೆಂಪು ನೀರು ಹರಿಯಿತು. ವಿದ್ಯಾರ್ಥಿಗಳಿಂದ ಒಂದು ಎತ್ತರದ ಗಾಜಿನ ಜಾಡಿಯಲ್ಲಿ ಆ ನೀರನ್ನು ಹಿಡಿಸಿ ಕಿಟಕಿಯ ಬಳಿ ಇಟ್ಟೆವು. ನಿಮಿಷ ಕಳೆಯುವುದರೊಳಗೆ ಮರಳು ತಳಕ್ಕೆ ಇಳಿಯಿತು. ಸಂಜೆಯ ವೇಳೆಗೆ ಅದರ ಮೇಲೆ ನುಣುಪಾದ ರೇವೆಯ ಪದರವೊಂದು ಕೂತಿತು. ಆದರೆ ನೀರು ತಿಳಿಯಾಗಲಿಲ್ಲ. ಹತ್ತನೆಯ ದಿನವೂ ಜಾಡಿಯ ಹಿಂದೆ ಹಿಡಿದ ಅಚ್ಚಿನ ಹಾಳೆಯನ್ನು ಓದಲಾಗಲಿಲ್ಲ.

ಇದಕ್ಕೆ ಕಾರಣವನ್ನು ೧೮೫೧ರಲ್ಲಿಯೇ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ಸೂತ್ರರೂಪದಲ್ಲಿ ಕೊಟ್ಟಿದ್ದನು. ದ್ರವದಲ್ಲಿ ಇಳಿಯುವ ಸಣ್ಣ ಗೋಳದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತವಾಗಿರುತ್ತದೆ. ವ್ಯಾಸ ಹತ್ತನೆಯ ಒಂದು ಪಾಲಾದರೆ ಇಳಿಯುವ ವೇಗ ನೂರನೆಯ ಒಂದು ಪಾಲಾಗುತ್ತದೆ. ಮಣ್ಣಿನ ಖನಿಜದ ಸಾಂದ್ರತೆ ನೀರಿನ ೨.೬೫ ಪಟ್ಟು ಎಂದಿಟ್ಟುಕೊಂಡು, ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ತಳ ಸೇರಲು ಬೇಕಾಗುವ ಕಾಲವನ್ನು ಲೆಕ್ಕ ಮಾಡಿದರೆ ಹೀಗಾಗುತ್ತದೆ:

ನಯವಾದ ಮರಳು, ವ್ಯಾಸ ೦.೧ ಮಿಲಿಮೀಟರ್: ಸುಮಾರು ೨ ನಿಮಿಷ.
ರೇವೆ, ವ್ಯಾಸ ೦.೦೧ ಮಿಲಿಮೀಟರ್: ಸುಮಾರು ೩ ಗಂಟೆ.
ಜೇಡಿ, ವ್ಯಾಸ ೦.೦೦೧ ಮಿಲಿಮೀಟರ್: ಸುಮಾರು ೧೩ ದಿನ.

ನಿಂತ ನೀರಿನ ಮಾತು ಇದು. ಹರಿವ ನೀರಿನ ಸುಳಿಗಳಲ್ಲಿ ಜೇಡಿಯ ಕಣ ತಳವನ್ನು ಕಾಣುವುದೇ ದುರ್ಲಭ. ಇಷ್ಟು ಸಾಲದೆಂಬಂತೆ, ಜೇಡಿಯ ಕಣಗಳ ಮೇಲೆ ಋಣ ವಿದ್ಯುದಂಶವಿರುತ್ತದೆ. ಅವು ಪರಸ್ಪರ ವಿಕರ್ಷಿಸುವುದರಿಂದ ಒಂದಕ್ಕೊಂದು ಅಂಟಿ ದಪ್ಪವಾಗುವುದೂ ಇಲ್ಲ. ನಮ್ಮ ಹಿರಿಯರು ಕೆರೆಯ ನೀರನ್ನು ತಿಳಿಮಾಡಲು ಪಟಿಕವನ್ನು ಕದಡುತ್ತಿದ್ದುದು, ಚಿಲ್ಲದ ಬೀಜವನ್ನು ತೇಯ್ದು ಹಾಕುತ್ತಿದ್ದುದು ಈ ಕಣಗಳನ್ನು ಒಂದುಗೂಡಿಸುವುದಕ್ಕಾಗಿಯೇ.

ಕಟ್ಟಡದ ನೆಲದ ತಗ್ಗಿನಲ್ಲಿ ಒಂದು ಹೊಂಡ ತೋಡಿ ನೀರನ್ನು ನಿಲ್ಲಿಸಿದರೆ ಆಗದೆ ಎಂದು ವಾಚಕರು ಕೇಳಬಹುದು. ೧೯೦೪ರಲ್ಲಿ ಅಲೆನ್ ಹೇಜನ್ ಎಂಬ ಅಮೆರಿಕದ ಎಂಜಿನಿಯರ್ ಈ ವಿಷಯದಲ್ಲಿ ಒಂದು ಸ್ವಾರಸ್ಯವಾದ ಅಂಶವನ್ನು ತೋರಿಸಿಕೊಟ್ಟನು. ಹೊಂಡದಲ್ಲಿ ಕಣ ಸಿಕ್ಕಿಬೀಳುವುದೇ ಇಲ್ಲವೇ ಎಂಬುದು ಹೊಂಡದ ಆಳವನ್ನು ಅವಲಂಬಿಸಿಲ್ಲ. ಹರಿದುಬರುವ ನೀರನ್ನು ಹೊಂಡದ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ವೇಗಕ್ಕಿಂತ ಕಣ ಇಳಿಯುವ ವೇಗ ಹೆಚ್ಚಾಗಿರಬೇಕು, ಅಷ್ಟೆ. ಹೊಂಡವನ್ನು ಆಳ ಮಾಡಿದರೆ ನೀರು ಹೆಚ್ಚು ಹೊತ್ತು ನಿಲ್ಲುವುದೇನೋ ನಿಜ. ಆದರೆ ಕಣ ಇಳಿಯಬೇಕಾದ ದೂರವೂ ಅಷ್ಟೇ ಹೆಚ್ಚುತ್ತದೆ.

ಒಂದು ಎಕರೆ ನೆಲದ ಮೇಲೆ ಗಂಟೆಗೆ ೧೦ ಮಿಲಿಮೀಟರಿನಂತೆ ಮಳೆ ಬಿದ್ದು ಎಲ್ಲವೂ ಹೊಂಡಕ್ಕೆ ಹರಿದರೆ, ಸೆಕೆಂಡಿಗೆ ಸುಮಾರು ೧೧ ಲೀಟರ್ ನೀರಾಯಿತು. ಮೇಲೆ ಹೇಳಿದ ಮರಳನ್ನು ಹಿಡಿಯಲು ಒಂದೂಕಾಲು ಚದರ ಮೀಟರ್ ಹೊಂಡ ಸಾಕು. ರೇವೆಯನ್ನು ಹಿಡಿಯಲು ೧೨೫ ಚದರ ಮೀಟರ್ ಬೇಕು. ಜೇಡಿಯನ್ನು ಹಿಡಿಯಲು ೧೨,೫೦೦ ಚದರ ಮೀಟರ್, ಅಂದರೆ ಮೂರು ಎಕರೆ ಹೊಂಡ ಬೇಕು! ಒಂದು ಎಕರೆಯ ಮಣ್ಣನ್ನು ಕಾಯಲು ಮೂರು ಎಕರೆ ಹೊಂಡ ತೋಡುವವರಾರು? ಕಟ್ಟಡದ ಸುತ್ತ ನೆಡುವ ಬಟ್ಟೆಯ ತಡಿಕೆಯೂ ಇದಕ್ಕಿಂತ ಮೇಲಲ್ಲ. ಅದರ ರಂಧ್ರಗಳು ಜೇಡಿಯ ಕಣಕ್ಕಿಂತ ನೂರಾರು ಪಟ್ಟು ದೊಡ್ಡವು. ಅದು ನೀರನ್ನು ತಡೆದು ನಿಲ್ಲಿಸಿ ಮರಳನ್ನೂ ದಪ್ಪ ರೇವೆಯನ್ನೂ ಕೆಡಹುವುದೇ ಹೊರತು ಜೇಡಿಯನ್ನು ಸೋಸುವುದಿಲ್ಲ.

ಈ ಲೆಕ್ಕದ ಫಲಿತಾಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮರಳು ಒಮ್ಮೆ ಹೊರಟ ಮೇಲೂ ಹಿಡಿಯಬಹುದಾದ ವಸ್ತು. ಜೇಡಿಯಾದರೋ ಹೊರಡದಂತೆ ತಡೆಯಬೇಕಾದ ವಸ್ತು.

ನದಿಯ ಎರಡು ದಡ

ಈಗ ನಗರಗಳಿಗೆ ಬರೋಣ. ಅಮೆರಿಕದ ವಾಯವ್ಯ ಭಾಗದಲ್ಲಿ ಕೊಲಂಬಿಯಾ ನದಿ ಆರಿಗನ್ ಮತ್ತು ವಾಷಿಂಗ್ಟನ್ ಎಂಬ ಎರಡು ರಾಜ್ಯಗಳ ಗಡಿಯಾಗಿ ಪಶ್ಚಿಮಕ್ಕೆ ಹರಿಯುತ್ತದೆ. ದಕ್ಷಿಣ ದಡದಲ್ಲಿ ಆರಿಗನ್ನಿನ ಪೋರ್ಟ್‌ಲ್ಯಾಂಡ್. ಉತ್ತರ ದಡದಲ್ಲಿ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್. ಕೆನಡಾದ ಪ್ರಸಿದ್ಧ ವ್ಯಾಂಕೂವರ್ ಇದಲ್ಲ. ೧೯೧೭ರಿಂದ ಎರಡು ಊರುಗಳನ್ನೂ ರಸ್ತೆಯ ಸೇತುವೆ ಕೂಡಿಸಿದೆ. ಎರಡು ಕಡೆಗೂ ಮಳೆಗಾಲ ಒಂದೇ: ಅಕ್ಟೋಬರಿನಿಂದ ವಸಂತದವರೆಗೆ ಜಿನುಗುವ ಮಳೆ, ಬೇಸಿಗೆ ಬಹುಮಟ್ಟಿಗೆ ಒಣ. ಪೋರ್ಟ್‌ಲ್ಯಾಂಡಿನ ಜಾನ್ಸನ್ ಹೊಳೆ ವಿಲಾಮೆಟ್ ನದಿಯನ್ನು ಕೂಡಿ ಕೊಲಂಬಿಯಾಕ್ಕೆ ಹೋಗುತ್ತದೆ. ವ್ಯಾಂಕೂವರಿನ ಬರ್ನ್ಟ್ ಬ್ರಿಜ್ ಹೊಳೆ ವ್ಯಾಂಕೂವರ್ ಸರೋವರಕ್ಕೆ ಇಳಿಯುತ್ತದೆ.

ಈ ಹೊಳೆಗಳ ತಿಳಿತನ ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಕೊಲಂಬಿಯಾ ಸಾಮನ್ ಮೀನಿನ ನದಿ. ಸಾಗರದಿಂದ ಬರುವ ಈ ಮೀನು ಹೊಳೆಯ ತಳದ ಗರಸಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಕಲ್ಲುಗಳ ಸಂದಿಯಲ್ಲಿ ಹರಿವ ನೀರು ಮೊಟ್ಟೆಗೆ ಆಮ್ಲಜನಕವನ್ನು ಒದಗಿಸುತ್ತದೆ. ಸಂದಿಗಳನ್ನು ನುಣುಪು ಮಣ್ಣು ತುಂಬಿದರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಕೆಳಕೊಲಂಬಿಯಾದ ಸ್ಟೀಲ್‌ಹೆಡ್ ಎಂಬ ಜಾತಿಯನ್ನು ೧೯೯೮ರಲ್ಲಿಯೂ ಚಿನೂಕ್ ಸಾಮನ್ನನ್ನು ೧೯೯೯ರಲ್ಲಿಯೂ ಅಳಿವಿನ ಭಯವಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಮೀನಿನ ಇಳಿತಾಯಕ್ಕೆ ಅಣೆಕಟ್ಟು ಮೊದಲಾದ ಕಾರಣಗಳೂ ಉಂಟು. ಮಣ್ಣು ಅವುಗಳಲ್ಲಿ ಒಂದು.

ಎರಡು ಊರುಗಳ ಕಟ್ಟಳೆಗಳಿಗೂ ಮೂಲ ಒಂದೇ: ೧೯೭೨ರ ಶುದ್ಧಜಲ ಶಾಸನ. ಇದರಡಿಯಲ್ಲಿ ೧೯೯೦ರ ನಿಯಮ ಐದು ಎಕರೆ ಮತ್ತು ಅದಕ್ಕೂ ದೊಡ್ಡ ಕಟ್ಟಡದ ನೆಲಗಳಿಗೆ ಅನುಮತಿಪತ್ರವನ್ನು ವಿಧಿಸಿತು. ೧೯೯೯ರ ನಿಯಮ ಈ ಮಿತಿಯನ್ನು ಒಂದು ಎಕರೆಗೆ ಇಳಿಸಿತು. ಅದಕ್ಕಿಂತ ಸಣ್ಣ ಕೆಲಸಗಳನ್ನು ಹೇಗೆ ನೋಡಬೇಕು, ತಪ್ಪನ್ನು ಯಾವುದರಿಂದ ಅಳೆಯಬೇಕು ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ.

ದಕ್ಷಿಣದ ಅಳತೆ: ಬಕೆಟ್ಟು

ಪೋರ್ಟ್‌ಲ್ಯಾಂಡ್ ನಗರಸಂಹಿತೆಯ ೧೦ನೆಯ ಭಾಗ ಭೂಸವಕಳಿಗೆಂದೇ ಮೀಸಲಾಗಿದೆ. ೫೦೦ ಚದರಡಿ ನೆಲವನ್ನು ಕೆದಕುವ ಕೆಲಸಕ್ಕೂ ಮಣ್ಣು ಕಾಯುವ ಯೋಜನೆಯನ್ನು ಅದು ಕೇಳುತ್ತದೆ. ಒಂದು ಸಣ್ಣ ಮನೆಯ ವಿಸ್ತರಣೆಗೂ ಇದು ಅನ್ವಯಿಸುತ್ತದೆಂದಾಯಿತು. ಕಣ್ಣಿಗೆ ಕಾಣುವಷ್ಟು, ಅಳೆಯಬರುವಷ್ಟು ಮಣ್ಣು ನಿವೇಶನದ ಹೊರಗೆ ಹೋಗಕೂಡದೆಂಬುದು ಅದರ ಸೂತ್ರ.

ಅಳೆಯಬರುವಷ್ಟು ಎಂದರೆ ಎಷ್ಟು? ಪೋರ್ಟ್‌ಲ್ಯಾಂಡ್ ಸೇರಿದಂತೆ ಸುತ್ತಲಿನ ೨೪ ನಗರಗಳಿಗೂ ಮೂರು ಕೌಂಟಿಗಳಿಗೂ ಮೆಟ್ರೊ ಎಂಬ ಚುನಾಯಿತ ಪ್ರಾದೇಶಿಕ ಆಡಳಿತವಿದೆ. ಅದರ ನಿಯಮಾವಳಿ ಇದಕ್ಕೆ ಉತ್ತರ ಕೊಡುತ್ತದೆ: ರಸ್ತೆಯ ಮೇಲೆ, ಪಕ್ಕದವರ ನೆಲದಲ್ಲಿ ಅಥವಾ ಚರಂಡಿಯಲ್ಲಿ ಅರ್ಧ ಘನ ಅಡಿಗಿಂತ ಹೆಚ್ಚು ಕೆಸರು ಬಿದ್ದಿರುವುದು. ಅರ್ಧ ಘನ ಅಡಿ ಎಂದರೆ ೧೪ ಲೀಟರ್. ನಮ್ಮ ಬಚ್ಚಲಿನ ಒಂದು ಬಕೆಟ್ಟು. ಇದರ ಜೊತೆಗೆ ನೆಲದ ಇಳಿಜಾರಿನಲ್ಲಿ ಕೊರಕಲು ಬಿದ್ದಿರುವುದನ್ನೂ, ಸೋಸದೆ ಹರಿವ ರಾಡಿ ನೀರನ್ನೂ, ಮಣ್ಣು ಕುಸಿದು ಗಡಿ ದಾಟುವುದನ್ನೂ ಅದು ತಪ್ಪೆಂದು ಎಣಿಸುತ್ತದೆ.

ಈ ಅಳತೆಯ ಗುಣ ಅದರ ಸರಳತೆ. ಯಾವ ಉಪಕರಣವೂ ಬೇಡ. ಮೇಸ್ತ್ರಿಗೂ ನೆರೆಮನೆಯವರಿಗೂ ತನಿಖೆಗೆ ಬಂದವರಿಗೂ ಅದು ಒಂದೇ ತೆರನಾಗಿ ಕಾಣುತ್ತದೆ. ಮಳೆ ನಿಂತ ಮರುದಿನವೂ ರಸ್ತೆಯ ಮೇಲಿನ ಕೆಸರು ಸಾಕ್ಷಿ ನುಡಿಯುತ್ತದೆ.

ಉತ್ತರದ ಅಳತೆ: ಬೆಳಕು

ಸೇತುವೆ ದಾಟಿ ವ್ಯಾಂಕೂವರಿಗೆ ಬಂದರೆ ವಾಷಿಂಗ್ಟನ್ ರಾಜ್ಯದ ನಿಯಮಗಳು ಎದುರಾಗುತ್ತವೆ. ಪಶ್ಚಿಮ ವಾಷಿಂಗ್ಟನ್ನಿಗಾಗಿ ರಾಜ್ಯ ಹೊರಡಿಸಿರುವ ಕೈಪಿಡಿಯಂತೆ, ೭,೦೦೦ ಚದರಡಿ ನೆಲವನ್ನು ಕೆದಕುವುದಾದರೆ ಲಿಖಿತ ಯೋಜನೆ ಬೇಕು. ನೀರು ಇಂಗದ ಹೊಸ ಮೇಲ್ಮೈಯನ್ನು ೨,೦೦೦ ಚದರಡಿ ಕಟ್ಟುವುದಾದರೂ ಬೇಕು. ಇಲ್ಲಿ ದಕ್ಷಿಣ ದಡವೇ ಹೆಚ್ಚು ಬಿಗಿ. ಆದರೆ ಒಂದು ಎಕರೆ ಅಥವಾ ಮಿಕ್ಕ ನೆಲಗಳ ವಿಷಯದಲ್ಲಿ ವಾಷಿಂಗ್ಟನ್ ಬೇರೊಂದು ಅಳತೆಯನ್ನು ಹಿಡಿದಿದೆ. ಅಲ್ಲಿ ಅಳೆಯುವುದು ಹೊರಗೆ ಬಿದ್ದ ಮಣ್ಣನ್ನಲ್ಲ. ಹೊರಗೆ ಹೋಗುವ ನೀರಿನ ಕದಡಿಕೆಯನ್ನು.

ಕದಡಿಕೆಯನ್ನು ಅಳೆಯುವ ಉಪಕರಣದ ತತ್ತ್ವ ಸುಲಭ. ಗಾಜಿನ ಸೀಸೆಯಲ್ಲಿರುವ ನೀರಿನ ಮೂಲಕ ಬೆಳಕಿನ ಕಿರಣವನ್ನು ಹಾಯಿಸಿ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಚದರಿ ಬರುವ ಬೆಳಕನ್ನು ಅಳೆಯುತ್ತಾರೆ. ಶುದ್ಧ ನೀರು ಪಕ್ಕಕ್ಕೆ ಬಹಳ ಕಡಮೆ ಬೆಳಕನ್ನು ಚದರಿಸುತ್ತದೆ. ಕಣಗಳು ಹೆಚ್ಚಿದಷ್ಟೂ ಚದರಿಕೆ ಹೆಚ್ಚುತ್ತದೆ. ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವುದನ್ನು ಪಕ್ಕದಿಂದ ನೋಡುವಂತೆಯೇ ಇದು. ಹೀಗೆ ಬರುವ ಅಂಕಿಯನ್ನು ಎನ್. ಟಿ. ಯು. ಎಂಬ ಮಾನದಲ್ಲಿ ಹೇಳುತ್ತಾರೆ.

ವಾಷಿಂಗ್ಟನ್ ರಾಜ್ಯದ ೨೦೨೧ರ ಅನುಮತಿಪತ್ರದಲ್ಲಿ ೨೫ ಎನ್. ಟಿ. ಯು. ಎಂಬುದು ಗುರಿ. ನಿವೇಶನದಿಂದ ನೀರು ಹೊರಹರಿಯುವ ವಾರಗಳಲ್ಲಿ ವಾರಕ್ಕೊಮ್ಮೆಯಾದರೂ ಮಾದರಿ ತೆಗೆದು ನೋಡಬೇಕು. ಗುರಿ ಮೀರಿದರೆ ಯೋಜನೆಯನ್ನು ತಿದ್ದಿ ಹತ್ತು ದಿನಗಳೊಳಗೆ ಹೊಸ ಏರ್ಪಾಟುಗಳನ್ನು ಪೂರೈಸಬೇಕು. ೨೫೦ ಮುಟ್ಟಿದರೆ ಇಪ್ಪತ್ನಾಲ್ಕು ಗಂಟೆಗಳೊಳಗೆ ರಾಜ್ಯದ ಇಲಾಖೆಗೆ ತಿಳಿಸಬೇಕು. ಐದು ಎಕರೆಗಿಂತ ಸಣ್ಣ ನೆಲದವರು ಉಪಕರಣಕ್ಕೆ ಬದಲು ಒಂದು ಪಾರದರ್ಶಕ ಕೊಳವೆಯನ್ನು ಬಳಸಬಹುದು. ತಳದಲ್ಲಿ ಕಪ್ಪುಬಿಳುಪಿನ ಬಿಲ್ಲೆಯಿರುವ ಕೊಳವೆಗೆ ನೀರು ತುಂಬಿ, ಬಿಲ್ಲೆ ಕಾಣುವವರೆಗೆ ನೀರನ್ನು ಇಳಿಸುತ್ತ ಹೋಗಬೇಕು. ೩೩ ಸೆಂಟಿಮೀಟರ್ ನೀರಿನ ಮೂಲಕ ಬಿಲ್ಲೆ ಕಂಡರೆ ಗುರಿ ಮುಟ್ಟಿದಂತೆ. ನೀರು ೬ ಸೆಂಟಿಮೀಟರಿಗೆ ಇಳಿಯುವವರೆಗೂ ಕಾಣದಿದ್ದರೆ ಇಲಾಖೆಗೆ ತಿಳಿಸಬೇಕಾದ ಸ್ಥಿತಿ.

ಬಕೆಟ್ಟೋ ಬೆಳಕೋ?

ಈ ಎರಡು ಅಳತೆಗಳು ಒಂದೇ ವಸ್ತುವನ್ನು ಅಳೆಯುತ್ತವೆಯೆ? ಒಂದು ಸಣ್ಣ ಲೆಕ್ಕದಿಂದ ಉತ್ತರ ಸಿಗುತ್ತದೆ. ಒಂದು ಗ್ರಾಂ ಮರಳನ್ನು ತೆಗೆದುಕೊಳ್ಳೋಣ. ಕಣದ ವ್ಯಾಸ ೦.೧ ಮಿಲಿಮೀಟರ್ ಇರಲಿ. ಎಲ್ಲ ಕಣಗಳ ನೆರಳುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ಸುಮಾರು ೫೭ ಚದರ ಸೆಂಟಿಮೀಟರ್ ಆಗುತ್ತದೆ, ಅಂಗೈಯಷ್ಟೂ ಇಲ್ಲ. ಅದೇ ಒಂದು ಗ್ರಾಂ ೦.೦೦೧ ಮಿಲಿಮೀಟರಿನ ಜೇಡಿಯಾದರೆ ನೆರಳು ನೂರು ಪಟ್ಟು ಹೆಚ್ಚಿ ಅರ್ಧ ಚದರ ಮೀಟರನ್ನು ಮೀರುತ್ತದೆ. ನೀರು ಕದಡಿದಂತೆ ಕಾಣುವುದು ಮಣ್ಣಿನ ತೂಕದಿಂದಲ್ಲ, ಈ ನೆರಳಿನಿಂದ.

ಆದುದರಿಂದ ಬಕೆಟ್ಟಿನ ಅಳತೆ ಮುಖ್ಯವಾಗಿ ಮರಳನ್ನು ಹಿಡಿಯುತ್ತದೆ. ಮರಳು ಹತ್ತಿರದಲ್ಲಿಯೇ ಬೀಳುತ್ತದೆ, ರಾಶಿಯಾಗುತ್ತದೆ, ಕಾಣುತ್ತದೆ. ಜೇಡಿ ರಸ್ತೆಯಲ್ಲಿ ನಿಲ್ಲದೆ ಹೊಳೆಗೆ ಹೋಗುತ್ತದೆ. ೧೪ ಲೀಟರ್ ಮಣ್ಣಿನ ತೂಕ ೧೮ ಕಿಲೋಗ್ರಾಂ ಎಂದಿಟ್ಟುಕೊಂಡು, ಅದೆಲ್ಲವೂ ಜೇಡಿಯಾಗಿ ಲೀಟರಿಗೆ ೧೦೦ ಮಿಲಿಗ್ರಾಮಿನಂತೆ ನೀರಿನಲ್ಲಿ ಹರಡಿದರೆ ೧,೮೦,೦೦೦ ಲೀಟರ್ ನೀರು ರಾಡಿಯಾಗುತ್ತದೆ. ೬,೦೦೦ ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ ಮೂವತ್ತು ಟ್ಯಾಂಕರು. ರಸ್ತೆಯಲ್ಲಿ ಒಂದು ಬೊಗಸೆ ಕೆಸರೂ ಉಳಿದಿರದಿರಬಹುದು. ರಾಡಿ ನೀರನ್ನೂ ತಪ್ಪೆಂದು ಮೆಟ್ರೊ ಸೇರಿಸಿರುವುದು ಈ ಕೊರತೆಯನ್ನು ತುಂಬುವುದಕ್ಕೆ. ಆದರೆ ಹಾಗೆ ಹಿಡಿಯಬೇಕಾದರೆ ಮಳೆ ಬೀಳುತ್ತಿರುವಾಗಲೇ ತನಿಖೆಯವರು ಅಲ್ಲಿರಬೇಕು.

ಬೆಳಕಿನ ಅಳತೆಯ ದೋಷ ಇದಕ್ಕೆ ವಿರುದ್ಧವಾದದ್ದು. ಅದು ಜೇಡಿಯನ್ನು ಚೆನ್ನಾಗಿ ಕಾಣುತ್ತದೆ. ಹೊಳೆಯ ತಳವನ್ನು ಮುಚ್ಚುವ ಮರಳನ್ನು ಅಷ್ಟಾಗಿ ಕಾಣದು. ಮಾದರಿಯ ಸೀಸೆಯಲ್ಲಿ ಮರಳು ಅಳೆಯುವುದರೊಳಗೆ ತಳ ಸೇರಿಬಿಡುತ್ತದೆ. ಮೇಲಾಗಿ ಕದಡಿಕೆಯ ಅಂಕಿಯಿಂದ ಮಣ್ಣಿನ ತೂಕವನ್ನು ನೇರವಾಗಿ ಹೇಳಲಾಗದು. ಆ ಸಂಬಂಧ ಮಣ್ಣಿನಿಂದ ಮಣ್ಣಿಗೆ ಬೇರೆ. ಇಡೀ ದೇಶಕ್ಕೆ ಒಂದೇ ಅಂಕಿಯನ್ನು ಗೊತ್ತುಮಾಡುವ ಪ್ರಯತ್ನವೂ ನಡೆಯಿತು. ೨೦೦೯ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ದೊಡ್ಡ ನಿವೇಶನಗಳಿಗೆ ದಿನದ ಸರಾಸರಿ ೨೮೦ ಎನ್. ಟಿ. ಯು. ಮಿತಿಯನ್ನು ಹಾಕಿತು. ಅದರ ಹಿಂದಿನ ಲೆಕ್ಕದಲ್ಲಿ ದೋಷಗಳಿವೆಯೆಂಬ ಆಕ್ಷೇಪಣೆ ಬಂದು ೨೦೧೧ರಲ್ಲಿ ಅದನ್ನು ತಡೆಹಿಡಿಯಲಾಯಿತು, ೨೦೧೪ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಬೆಟ್ಟದಾಚೆಯ ಅಳತೆ: ದಿನ

ಮೇಲಿನ ಎರಡೂ ಅಳತೆಗಳಿಗೆ ಒಂದು ಸಾಮಾನ್ಯ ಕೊರತೆಯುಂಟು. ಎರಡೂ ತಪ್ಪು ನಡೆದ ಮೇಲೆ ಅದನ್ನು ಕಂಡುಹಿಡಿಯುತ್ತವೆ. ಜೇಡಿಯನ್ನು ಹೊರಡದಂತೆ ತಡೆಯಬೇಕೆಂದು ನಾವು ಆಗಲೇ ಕಂಡೆವಷ್ಟೆ. ಇದಕ್ಕೆ ವಾಷಿಂಗ್ಟನ್ ರಾಜ್ಯ ಮೂರನೆಯ ಅಳತೆಯೊಂದನ್ನು ಇಟ್ಟುಕೊಂಡಿದೆ. ಕೆಲಸ ನಡೆಯದೆ ನೆಲ ಎಷ್ಟು ದಿನ ಬರಿದಾಗಿ ಬಿದ್ದಿರಬಹುದು ಎಂಬುದೇ ಅದು. ಆ ದಿನಗಳು ಮುಗಿಯುವುದರೊಳಗೆ ಒಣಹುಲ್ಲನ್ನೋ ಹಾಳೆಯನ್ನೋ ಹೊದಿಸಬೇಕು, ಇಲ್ಲವೆ ಬೇರೆ ಬಗೆಯಲ್ಲಿ ನೆಲವನ್ನು ಭದ್ರಪಡಿಸಬೇಕು.

ಈ ರಾಜ್ಯದ ನಡುವೆ ಕ್ಯಾಸ್ಕೇಡ್ ಪರ್ವತಶ್ರೇಣಿ ಉತ್ತರದಕ್ಷಿಣವಾಗಿ ನಿಂತಿದೆ. ಸ್ಥಾನದಿಂದಲೂ ಗುಣದಿಂದಲೂ ಅದು ನಮ್ಮ ಸಹ್ಯಾದ್ರಿಯನ್ನು ನೆನಪಿಗೆ ತರುತ್ತದೆ. ಪಶ್ಚಿಮದ ಸಾಗರದಿಂದ ಬರುವ ಮೋಡಗಳು ಅದರ ಪಶ್ಚಿಮ ಪಾರ್ಶ್ವದಲ್ಲಿಯೇ ಮಳೆ ಸುರಿಸಿ, ಪೂರ್ವಕ್ಕೆ ದಾಟುವಾಗ ಬರಿದಾಗುತ್ತವೆ. ಪೂರ್ವದ ಯಾಕಿಮಾ ನಗರದಲ್ಲಿ ವರ್ಷಕ್ಕೆ ೨೦೦ ಮಿಲಿಮೀಟರಿನ ಆಸುಪಾಸು ಮಾತ್ರ ಮಳೆ. ದಿನಗಳ ಲೆಕ್ಕ ಈ ಭೂಗೋಳವನ್ನೇ ಅನುಸರಿಸುತ್ತದೆ:

ಶ್ರೇಣಿಯ ಪಶ್ಚಿಮದಲ್ಲಿ, ವ್ಯಾಂಕೂವರ್ ಸೇರಿದಂತೆ: ಅಕ್ಟೋಬರ್ ೧ರಿಂದ ಏಪ್ರಿಲ್ ೩೦ರವರೆಗೆ ೨ ದಿನ, ಉಳಿದ ತಿಂಗಳುಗಳಲ್ಲಿ ೭ ದಿನ.
ಶ್ರೇಣಿಯ ಪೂರ್ವದಲ್ಲಿ, ಸ್ಪೋಕೇನ್ ಮೊದಲಾದ ಕಡೆ: ಅಕ್ಟೋಬರ್ ೧ರಿಂದ ಜೂನ್ ೩೦ರವರೆಗೆ ೫ ದಿನ, ಉಳಿದ ತಿಂಗಳುಗಳಲ್ಲಿ ೧೦ ದಿನ.
ವರ್ಷಕ್ಕೆ ೧೨ ಅಂಗುಲಕ್ಕಿಂತ ಕಡಮೆ ಮಳೆಯ ನಡುಬಯಲಿನಲ್ಲಿ, ಯಾಕಿಮಾದಂಥ ಕಡೆ: ಅಕ್ಟೋಬರ್ ೧ರಿಂದ ಜೂನ್ ೩೦ರವರೆಗೆ ೧೫ ದಿನ, ಉಳಿದ ತಿಂಗಳುಗಳಲ್ಲಿ ೩೦ ದಿನ.

ಒಂದೇ ರಾಜ್ಯದಲ್ಲಿ ಎರಡು ದಿನ ಒಂದು ಕಡೆ, ಮೂವತ್ತು ದಿನ ಇನ್ನೊಂದು ಕಡೆ! ಮೇಲುನೋಟಕ್ಕೆ ಇದು ಪಕ್ಷಪಾತದಂತೆ ತೋರಬಹುದು. ವಾಸ್ತವವಾಗಿ ಇಲ್ಲಿ ಎಲ್ಲ ಕಡೆಗೂ ತತ್ತ್ವ ಒಂದೇ. ಬರಿ ನೆಲದ ಮೇಲೆ ಮಳೆ ಬೀಳುವ ಸಂಭವವನ್ನು ಸರಿಸುಮಾರು ಸಮಮಾಡುವುದೇ ಗುರಿ. ಮಳೆ ಬೇರೆಯಾದಂತೆ ದಿನವೂ ಬೇರೆಯಾಗಿದೆ. ಅಂಕಿಗಳು ಬೇರೆಯಾಗಿದ್ದೂ ನ್ಯಾಯ ಒಂದೇ ಆಗಿರಬಹುದು ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ದಿನದ ಅಳತೆಗೂ ಕೊರತೆಯಿಲ್ಲದಿಲ್ಲ. ಎರಡು ದಿನದ ಗಡುವಿನೊಳಗೆಯೇ ದೊಡ್ಡ ಮಳೆ ಬಂದುಬಿಡಬಹುದು. ಕೆಲಸ ನಡೆಯುತ್ತಿರುವ ನೆಲವನ್ನು ಹೊದಿಸಲಾಗದು. ಆಗ ಹೊಂಡ, ತಡಿಕೆಗಳ ನೆರವು ಬೇಕೇ ಬೇಕು. ಹೊರಹೋಗುವ ನೀರನ್ನು ಅಳೆಯಲೂ ಬೇಕು. ವಾಷಿಂಗ್ಟನ್ ರಾಜ್ಯದ ಕೆಲವು ನಿವೇಶನಗಳಲ್ಲಿ, ಏಡಿ ಸಿಗಡಿಗಳ ಚಿಪ್ಪಿನಿಂದ ತೆಗೆದ ಕೈಟೊಸಾನ್ ಎಂಬ ವಸ್ತುವಿನಿಂದ ಜೇಡಿಯನ್ನು ಒಟ್ಟುಗೂಡಿಸಿ ಮರಳಿನಲ್ಲಿ ಸೋಸುವ ಕ್ರಮವೂ ಉಂಟು. ಚಿಲ್ಲದ ಬೀಜದ ದೂರದ ನೆಂಟನೆಂದು ಅದನ್ನು ಕರೆಯಬಹುದು. ಆದರೆ ಅದು ದುಬಾರಿ. ಒಣಹುಲ್ಲಿನ ಹೊರೆ ಅಗ್ಗ.

ನಮ್ಮ ಊರುಗಳ ಮಾತು

ಇದರಿಂದ ನಾವು ಕಲಿಯಬಹುದಾದುದೇನು? ಪೋರ್ಟ್‌ಲ್ಯಾಂಡಿನಲ್ಲಿಯೂ ಬೆಂಗಳೂರಿನಲ್ಲಿಯೂ ವರ್ಷದ ಸರಾಸರಿ ಮಳೆ ೯೦೦ರಿಂದ ೧,೦೦೦ ಮಿಲಿಮೀಟರುಗಳ ನಡುವೆ ಇದೆ. ಅಂಕಿ ಒಂದೇ ಎಂದು ಅವರ ಕಟ್ಟಳೆಯನ್ನು ಹಾಗೆಯೇ ಎತ್ತಿಕೊಂಡರೆ ತಪ್ಪಾದೀತು. ಅವರದು ತಿಂಗಳುಗಟ್ಟಲೆ ಜಿನುಗುವ ಮಳೆ. ನಮ್ಮದು ಗುಡುಗಿನೊಡನೆ ಬಂದು ಗಂಟೆಯೊಳಗೆ ಸುರಿದುಹೋಗುವ ದಪ್ಪ ಹನಿಗಳ ಮಳೆ. ೨೦೨೨ರ ಸೆಪ್ಟೆಂಬರ್ ಮೊದಲಲ್ಲಿ ಒಂದೇ ರಾತ್ರಿ ೧೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೆಂಗಳೂರಿನ ಮೇಲೆ ಸುರಿದುದನ್ನು ಅನೇಕರು ಮರೆತಿರಲಾರರು. ಮಳೆಯ ಒಟ್ಟು ಮೊತ್ತಕ್ಕಿಂತ ಹನಿಯ ಪೆಟ್ಟು ಮುಖ್ಯವೆಂಬುದನ್ನು ನೆನೆದರೆ, ಅವರಿಗಿಂತ ನಮಗೆ ಹೊದಿಕೆ ಹೆಚ್ಚು ಅವಶ್ಯ.

ನಮ್ಮಲ್ಲಿ ಈ ವಿಷಯದ ಚರ್ಚೆ ಬಹುಮಟ್ಟಿಗೆ ನಡೆದಿರುವುದು ದೂರವೆಂಬ ನಾಲ್ಕನೆಯ ಅಳತೆಯ ಸುತ್ತ. ಬೆಂಗಳೂರಿನ ಕೆರೆಗಳ ಅಂಚಿನಿಂದ ೭೫ ಮೀಟರ್ ಬಿಟ್ಟು ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೬ರಲ್ಲಿ ಆಜ್ಞೆ ಮಾಡಿತು. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಗೊಳಿಸಿತು. ದೂರಕ್ಕೆ ಹಲವು ಪ್ರಯೋಜನಗಳುಂಟು. ನೀರು ಹುಲ್ಲಿನ ಮೇಲೆ ಹರಡಿ ನಿಧಾನವಾಗಿ ಸಾಗಿದರೆ ಮಣ್ಣೂ ಅಲ್ಲಿಯೇ ನಿಲ್ಲುತ್ತದೆ. ಆದರೆ ಅದೇ ನೀರು ಚರಂಡಿಗೆ ಬಿದ್ದರೆ? ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ೭೫ ಮೀಟರ್ ದಾಟಲು ೭೫ ಸೆಕೆಂಡು ಸಾಕು. ಅಷ್ಟರಲ್ಲಿ ೦.೦೧ ಮಿಲಿಮೀಟರಿನ ರೇವೆಯ ಕಣ ಇಳಿಯುವುದು ಏಳು ಮಿಲಿಮೀಟರ್. ಜೇಡಿ ಇಳಿಯುವುದು ಅದರ ನೂರನೆಯ ಒಂದು ಪಾಲು. ರಾಜಕಾಲುವೆಗೆ ನೀರು ಬಿಡುವ ನಿವೇಶನ ಕೆರೆಯಿಂದ ಒಂದು ಮೈಲಿ ದೂರದಲ್ಲಿದ್ದರೂ ಮಣ್ಣಿನ ಮಟ್ಟಿಗೆ ಅದು ಕೆರೆಯ ದಂಡೆಯ ಮೇಲೆಯೇ ಇದ್ದಂತೆ.

ಬೆಟ್ಟದ ಆಚೆಯೀಚೆಯ ಪಾಠವೂ ನಮಗೆ ಹೊರಗಿನದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ. ಚಳ್ಳಕೆರೆಯ ಸೀಮೆಯಲ್ಲಿ ೫೦೦ರ ಆಸುಪಾಸು. ಮಂಗಳೂರಿಗೆ ಜೂನ್ ತಿಂಗಳು ಭಯದ ಕಾಲ. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರ್. ಇಡೀ ನಾಡಿಗೆ ಒಂದೇ ತಾರೀಖು, ಒಂದೇ ಗಡುವು ಹೊಂದುವುದು ಸಾಧ್ಯವಿಲ್ಲ. ಊರೂರಿಗೂ ಗಡುವು ಬೇರೆಯಾಗಿರಲಿ, ತತ್ತ್ವ ಒಂದಾಗಿರಲಿ.

ಕಟ್ಟಳೆ ಬರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಮನೆ ಕಟ್ಟಿಸುವವರು ಪಾಯದ ಕೆಲಸವನ್ನು ಒಣ ತಿಂಗಳುಗಳಲ್ಲಿ ಮುಗಿಸಬಹುದು. ಮಣ್ಣಿನ ರಾಶಿಯನ್ನು ಚರಂಡಿಯಿಂದ ದೂರಕ್ಕೆ, ನಿವೇಶನದ ಒಳಮಗ್ಗುಲಿಗೆ ಹಾಕಿಸಬಹುದು. ಅದರ ಮೇಲೆ ಹಳೆಯ ಟಾರ್ಪಾಲನ್ನು ಹೊದಿಸಿ ಅಂಚಿಗೆ ನಾಲ್ಕು ಕಲ್ಲಿಡಬಹುದು. ಟಾರ್ಪಾಲಿಲ್ಲದಿದ್ದರೆ ಒಂದು ಹೊರೆ ಭತ್ತದ ಹುಲ್ಲಾದರೂ ಆದೀತು. ಹೊಂಡ ತೋಡುವುದಾದರೆ ಆಳಕ್ಕಿಂತ ಅಗಲಕ್ಕೆ ಗಮನ ಕೊಡಬೇಕು. ಹೊರಹೋಗುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯ ಬಳಿ ಇಟ್ಟು ನೋಡಬೇಕು. ಎಷ್ಟು ದಿನ ಆ ನೀರು ತಿಳಿಯಾಗುವುದಿಲ್ಲವೋ ಅಷ್ಟು ದಿನ ನಮ್ಮ ನೆಲದ ಮಣ್ಣು ಊರಿನ ಕೆರೆಯ ದಾರಿಯಲ್ಲಿದೆ ಎಂದು ತಿಳಿಯತಕ್ಕದ್ದು.